ಹೊಳಿ ಹೇಳಿ ಬರ್ತದ, ಕರೆಂಟ್ ಹೇಳದೇ ಹೋಗ್ತದ

ನಾರಾಯಣಪುರದಲ್ಲಿ ಪ್ರವಾಹ ಬರಲು ಮಳೆಯೇ ಬೇಕೆಂದಿಲ್ಲ. ಮಹಾಬಳೇಶ್ವರದ ಕಡೆ ಸುರಿದು, ಕೊಯ್ನಾ ತುಂಬಿ, ಆಲಮಟ್ಟಿಗೂ ಸಾಕಾದರೆ ಆಯಿತು. ನಮ್ಮ ನೆತ್ತಿಯ ಮೇಲೆ ಬಿಸಿಲು ಸುಡುತ್ತಿರುವಾಗಲೇ ಕೃಷ್ಣೆ ದಂಡೆ ಮೀರುತ್ತಾಳೆ. ಹೊಳೆ ನೋಡಲು ಹೊರಟವರ ಕೈಯಲ್ಲಿ ಕೊಡೆ ಕಂಡರೆ ಅದು ಬಿಸಿಲಿಗೆ.

ಬರುವಾಗ ಆಕೆ ಹೇಳಿಯೇ ಬರುತ್ತಾಳೆ, ಅದನ್ನು ಮೆಚ್ಚಲೇಬೇಕು. ಹಿಂದೆ ಡಂಗುರ ಸಾರುತ್ತಿದ್ದರು, ಆಮೇಲೆ ಜೀಪಿನ ಮೈಕು ಬಂತು, ಈಗ ವಾಟ್ಸಾಪು. ನದಿ ದಂಡೆಯವರು ದನಕರು ಹೊಡೆದುಕೊಂಡು ಬನ್ನಿ, ಪಂಪ್‌ಸೆಟ್ಟು ಎತ್ತಿಕೊಳ್ಳಿ, ನೀರಿಗಿಳಿದು ಫೋಟೋ ತೆಗೆಸಿಕೊಳ್ಳಬೇಡಿ. ಮೂರನೆಯದು ಇತ್ತೀಚೆಗೆ ಸೇರಿದ್ದು. ನಮ್ಮ ಹುಡುಗರು ಪಾಲಿಸದೇ ಬಿಡುವುದೂ ಅದನ್ನೇ.

ನಮ್ಮೂರ ಬಸವಸಾಗರ ಜಲಾಶಯ ಕಟ್ಟಿ ಮುಗಿದದ್ದು 1982ರಲ್ಲಿ. ಗೇಟು 30, ಹಿಡಿಯುವ ನೀರು 33 ಟಿಎಂಸಿ ಚಿಲ್ಲರೆ. 2019ರ ಆಗಸ್ಟ್‌ನಲ್ಲಿ ಇಲ್ಲಿಂದ ಬಿಟ್ಟ ನೀರು ಸುಮಾರು 6 ಲಕ್ಷ ಕ್ಯೂಸೆಕ್ ಮುಟ್ಟಿತ್ತು. ಅಷ್ಟು ನೀರು ಬರುವಾಗ ಗೇಟು ಮುಚ್ಚಿ ಕೂತರೆ, ಬರಿದಾದ ಜಲಾಶಯವೂ ಹದಿನೈದು ಹದಿನಾರು ತಾಸಿನಲ್ಲಿ ತುಂಬಿಬಿಡುತ್ತದೆ. ಮೇಲಿನವರು ಕಳಿಸಿದ್ದನ್ನು ಕೆಳಗಿನವರಿಗೆ ದಾಟಿಸದೇ ಬೇರೆ ದಾರಿಯಿಲ್ಲ. ಈ ಲೆಕ್ಕ ಊರಲ್ಲಿ ಮೂರನೇ ಇಯತ್ತೆಯ ಹುಡುಗನಿಗೂ ಗೊತ್ತು. ಮಗ್ಗಿ ಕೇಳಿ, ತಡವರಿಸುತ್ತಾನೆ; ಒಳಹರಿವು ಕೇಳಿ, ಮಾಸ್ತರರನ್ನೇ ತಿದ್ದುತ್ತಾನೆ. ಲೆಕ್ಕ ಬಾರದ ಮುದುಕರಿಗೆ ಛಾಯಾ ಭಗವತಿ ಗುಡಿಯ ಮೆಟ್ಟಿಲು ಸಾಕು. ಅವು ಕಾಣದಿದ್ದರೆ ನೀರು ಜೋರು.

ಕೆಳಗಿನವರಿಗೆ ಮಾತ್ರ ಇದು ನಗೆಯ ಸಂಗತಿಯಲ್ಲ. ನದಿ ನಡುವಿನ ನೀಲಕಂಠರಾಯನಗಡ್ಡಿಯ ಸುತ್ತಲೂ ನೀರು ಏರುತ್ತದೆ, ಶಹಾಪುರ ತಾಲೂಕಿನ ಕೊಳ್ಳೂರು ಸೇತುವೆ ಮುಳುಗುತ್ತದೆ, ಬೆಳೆದು ನಿಂತ ಹೊಲ ಹೋಗುತ್ತದೆ. ಡ್ಯಾಂ ಮಗ್ಗುಲಲ್ಲೇ, ಎತ್ತರದಲ್ಲಿ ಮನೆ ಇರುವ ನಮ್ಮಂಥವರಿಗೆ ಅದೇ ಹೊತ್ತಿಗೆ ಜಾತ್ರೆ. ಸುರಪುರ, ಮುದ್ದೇಬಿಹಾಳ, ಲಿಂಗಸುಗೂರಿನಿಂದ ಜನ ಗಾಡಿ ಮಾಡಿಕೊಂಡು ಬರುತ್ತಾರೆ, ಮಿರ್ಚಿ ಭಜಿಯ ಬಾಣಲೆ ಕೆಳಗಿಳಿಯುವುದಿಲ್ಲ.

ನಮ್ಮ ಮನೆಯನ್ನು ಕಾಡುವುದು ಬೇರೆ. ಬಂಗಾಳಕೊಲ್ಲಿಯ ಚಂಡಮಾರುತ ಇಲ್ಲಿಗೆ ಮುಟ್ಟುವ ಹೊತ್ತಿಗೆ ಬಲಗುಂದಿ ಬರೀ ಮಳೆಯಾಗಿರುತ್ತದೆ. ಬರೀ ಮಳೆಯೂ ಸಾಮಾನ್ಯದ್ದಲ್ಲ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಬಿಡದೇ ಹೊಡೆದಾಗ ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳು ನೆನೆನೆನೆದು ಕುಸಿದವು. ಆದರೆ ರೋಹಿಣಿ ಹೊತ್ತಿನ ಅಡ್ಡಮಳೆಗೆ ಯಾವ ಸಮುದ್ರದ ಅಪ್ಪಣೆಯೂ ಬೇಡ. ಒಂದು ಸಲ ಹತ್ತು ನಿಮಿಷ ಗಾಳಿ ಬೀಸಿತು. ಅಷ್ಟರಲ್ಲಿ ನಮ್ಮ ಹಿತ್ತಲಿನ ತಗಡು, ಮೇಲೆ ಹೇರಿದ್ದ ಪರಸಿ ಕಲ್ಲುಗಳನ್ನು ಕೊಡವಿಕೊಂಡು, ಎರಡು ಮನೆ ದಾಟಿ ಕಾಕಾನ ಅಂಗಳದಲ್ಲಿ ಇಳಿದಿತ್ತು. ಕಾಕಾ ಡ್ಯಾಮಿನ ಕೆಲಸದಲ್ಲಿದ್ದು ರಿಟೈರ್ ಆದವರು. ತಗಡನ್ನು ತಾವೇ ಎಳೆದುಕೊಂಡು ಬಂದು ಬಾಗಿಲಲ್ಲಿ ನಿಂತರು. ಒಳಗೆ ಅಡುಗೆಮನೆಯ ನಡುವೆ ಬಕೀಟು, ದೇವರ ಜಗಲಿಗೆ ತಾಟು, ಜೋಳದ ಚೀಲದ ಪಕ್ಕ ಹಿಟ್ಟು ನಾದುವ ಕೊಮ್ಮಣಿಗೆ. ಒಂದೊಂದರಲ್ಲೂ ಒಂದೊಂದು ಸಪ್ಪಳ. ಕಾಕಾ ಬಕೀಟಿನೊಳಗೆ ಇಣುಕಿ ಕೇಳಿದರು:

“ಒಳಹರಿವು ಎಷ್ಟದ?”

“ತುಂಬಕ್ ಬಂದದ ಕಾಕಾ.”

“ಮತ್ತ ಹೊರಹರಿವು ಚಾಲೂ ಮಾಡು. ಕೆಳಗಿನವರಿಗಿ ಮೊದಲ ಹೇಳು.”

ಕೆಳಗಿನವಳೆಂದರೆ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ನನ್ನ ಹೆಂಡತಿ. ಹೇಳಿದೆ. ಆಕೆ ತಿರುಗಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಇನ್ನು ಕರೆಂಟು. ಎಡದಂಡೆ ಕಾಲುವೆಯ ನೀರಿನಿಂದ ವಿದ್ಯುತ್ ತೆಗೆಯುವ ಘಟಕ ನಮ್ಮಲ್ಲೇ ಇದೆ. ಇಲ್ಲಿ ಹುಟ್ಟಿದ ಕರೆಂಟು ಮಾತ್ರ, ಓದಿ ಬೆಂಗಳೂರು ಸೇರಿದ ಹುಡುಗರಂತೆ, ಊರಲ್ಲಿ ನಿಲ್ಲುವುದಿಲ್ಲ. ಒಮ್ಮೆ ಶ್ರಾವಣದಲ್ಲಿ ಹೊಳೆ ತುಂಬಿ ಹರಿಯುತ್ತಿದ್ದಾಗಲೇ ರಾತ್ರಿ ಗಾಳಿ ಬೀಸಿ ಕಂಬ ಉರುಳಿದವು, ಟಿಸಿ ಢಂ ಅಂದಿತು. ಲೈನ್‌ಮನ್ ಪಾಪ, ಕೆಸರಲ್ಲಿ ಮೊಣಕಾಲುದ್ದ ಹುಗಿದುಕೊಂಡು ತಂತಿ ಎಳೆಯುತ್ತಿದ್ದ. ಆತನ ಸುತ್ತ ನಿಂತು ಸಲಹೆ ಕೊಡುತ್ತಿದ್ದವರು ಇಪ್ಪತ್ತು ಮಂದಿ ಇದ್ದರು, ಹಗ್ಗ ಹಿಡಿದವನು ಒಬ್ಬ.

ಕತ್ತಲೆಗೆ ನಾವು ಹೆದರುವವರಲ್ಲ. ಅಟ್ಟದಿಂದ ಕಂದೀಲು ಇಳಿಸಿದೆವು, ಗಾಜು ಒರೆಸಿದೆವು, ಬತ್ತಿ ಕತ್ತರಿಸಿದೆವು. ಚಿಮಣಿ ಎಣ್ಣೆ ಮಾತ್ರ ಊರಲ್ಲೆಲ್ಲೂ ಸಿಗಲಿಲ್ಲ. ಹೊಳೆಯುವ ಖಾಲಿ ಕಂದೀಲಿಗೆ ಮೊಬೈಲಿನ ಟಾರ್ಚು ಬಿಟ್ಟು, “ಎಷ್ಟ್ ಚಂದ ಅದಲ್ಲ” ಎಂದು ನೋಡಿದೆವು.

ಮರುದಿನ ನಳದಲ್ಲಿ ನೀರಿಲ್ಲ. ಮೋಟರಿಗೆ ಕರೆಂಟಿಲ್ಲದ ಮೇಲೆ ನೀರು ಏರುವುದು ಹೇಗೆ? ಲಕ್ಷಗಟ್ಟಲೆ ಕ್ಯೂಸೆಕ್ ಪಕ್ಕದಲ್ಲೇ ಮೊರೆಯುತ್ತಿರಲು ನಾವು ಕೊಡ ಹಿಡಿದು ಬೋರಿನ ಮುಂದೆ ಪಾಳಿ ಹಚ್ಚಿದೆವು. ಪಾಳಿಯಲ್ಲಿ ನಿಂತವರ ಮಾತೆಲ್ಲ ಇನ್ನೂ ಎಷ್ಟು ಗೇಟು ತೆಗೆಯುತ್ತಾರೆ ಎಂಬುದರ ಬಗ್ಗೆಯೇ.

ಮೊಬೈಲಿನ ಪಾಳಿ ಅದಕ್ಕಿಂತ ಉದ್ದ. ಒಬ್ಬ ಪುಣ್ಯಾತ್ಮ ತನ್ನ ಟ್ರ್ಯಾಕ್ಟರಿನ ಬ್ಯಾಟರಿಗೆ ವೈರು ಕಟ್ಟಿ ಓಣಿಯ ಫೋನುಗಳಿಗೆಲ್ಲ ಜೀವ ತುಂಬುತ್ತಿದ್ದ. ಬಾನೆಟ್ಟಿನ ಮೇಲೆ ಟವೆಲು ಹಾಸಿ ಫೋನು ಸಾಲಾಗಿ ಮಲಗಿಸಿದ್ದ. ಒಂದೊಂದರ ಬೆನ್ನಿಗೂ ಹೆಸರಿನ ಚೀಟಿ. ಯಾವುದೋ ಫೋನು ಬಡಿದುಕೊಂಡರೆ ತಾನೇ ಎತ್ತಿ, “ಚಾರ್ಜಿಗಿ ಹಾಕ್ಯಾರ್ರಿ, ಸಂಜಿ ಮುಂದ ಹಚ್ರಿ” ಅನ್ನುತ್ತಿದ್ದ. ಊರಿನ ಅರ್ಧ ಗುಟ್ಟು ಆ ದಿನಗಳಲ್ಲಿ ಅವನ ಕಿವಿಗೆ ಬಿದ್ದಿರಬೇಕು.

ಇದೆಲ್ಲ ತಾಳಬಹುದು, ಗಿರಣಿ ನಿಂತದ್ದನ್ನು ಹೇಗೆ ತಾಳುವುದು? ಹಿಟ್ಟು ಮುಗಿದಿತ್ತು, ಜೋಳ ಚೀಲದಲ್ಲಿತ್ತು. ಅವ್ವನಿಗೆ ಮಾತ್ರ ಎಲ್ಲಿಲ್ಲದ ಹುರುಪು. ಬೀಸುಕಲ್ಲು ಹೊರಗೆ ತೆಗೆಸಿ, “ನಾವು ಬೀಸಿಲ್ಲೇನು?” ಅಂದಳು. ನಾಲ್ಕು ಸುತ್ತು ತಿರುಗಿಸಿ ಸೊಂಟ ಹಿಡಿದುಕೊಂಡು ಎದ್ದು, ಗೂಟವನ್ನು ಸೊಸೆಯ ಕಡೆ ತಿರುಗಿಸಿದಳು. ಸೊಸೆ ನನ್ನ ಕಡೆ ನೋಡಿದಳು. ಅಂದು ರಾತ್ರಿ ಅನ್ನ ಉಂಡೆವು.

ಅಷ್ಟರಲ್ಲಿ ಬೆಂಗಳೂರಿನಿಂದ ತಂಗಿಯ ಫೋನು. ಟಿವಿಯಲ್ಲಿ ನಮ್ಮ ಡ್ಯಾಮಿನ ನೊರೆಯನ್ನು ಹಿನ್ನೆಲೆ ಸಂಗೀತದೊಡನೆ ದಿನವಿಡೀ ತೋರಿಸುತ್ತಿದ್ದರಂತೆ.

“ಅಣ್ಣಾ, ಮನ್ಯಾಗ ನೀರು ಬಂದದೇನು?”

“ಇಲ್ಲವ್ವಾ, ಎರಡು ದಿನ ಆತು, ಹನಿ ನೀರು ಬಂದಿಲ್ಲ” ಅಂದೆ, ನಳದ ಧ್ಯಾನದಲ್ಲಿ. ಆಕೆ ಇನ್ನೇನೋ ಕೇಳುವಷ್ಟರಲ್ಲಿ ಫೋನು ಸತ್ತಿತು.

ಆಮೇಲೆ ತಂಗಿ ಯಾರಿಗೆ ಏನು ಹೇಳಿದಳೋ. ಮರುದಿನ ಮುಂಜಾನೆ ಸುರಪುರದ ಸೋದರಮಾವ ಟಂಟಂನಿಂದ ಇಳಿದ, ಕಣ್ಣೆಲ್ಲ ಕೆಂಪು, ಪ್ಯಾಂಟು ಮೊಣಕಾಲಿನ ತನಕ ಮಡಚಿ, ಹೆಗಲ ಮೇಲೆ ಟ್ಯೂಬು. ಒಣಗಿ ಧೂಳೆದ್ದ ಓಣಿಯನ್ನೂ ಕೊಡ ಹಿಡಿದು ನಿಂತ ನನ್ನನ್ನೂ ನೋಡಿದ.

“ಅಳಿಯಾ, ಹೊಳಿ ಎಲ್ಲದಪಾ?”

“ಮಾಮಾ, ಆ ಚೀಲದಾಗ ಏನದ?” ಅಂದಳು ನನ್ನ ಹೆಂಡತಿ, ಹಿಂದಿನಿಂದ.

ಹತ್ತು ಸೇರು ಜೋಳದ ಹಿಟ್ಟು, ಅವತ್ತೇ ಬೀಸಿಸಿದ್ದು. ಚೀಲ ಇನ್ನೂ ಬಿಸಿಯಾಗಿತ್ತು. ಮಾವನನ್ನು ಡ್ಯಾಮಿಗೆ ಕರೆದೊಯ್ದು 30 ಗೇಟನ್ನೂ ಎಣಿಸಿ ತೋರಿಸುವ ಕೆಲಸ ನನಗೆ ಬಂತು. ವಾಪಸು ಬರುವಷ್ಟರಲ್ಲಿ ರೊಟ್ಟಿ ಆಗಿದ್ದವು, ಕರೆಂಟು ಆಗಿರಲಿಲ್ಲ.