ಮುಕ್ಕಾಲು ಅರ್ಹತೆಯ ಅಭ್ಯರ್ಥಿ

ಪ್ರಕಟಣೆಯಲ್ಲಿ ಕೇಳಿದ ಹತ್ತು ಅರ್ಹತೆಗಳಲ್ಲಿ ಆರನ್ನಷ್ಟೇ ಇಟ್ಟುಕೊಂಡು, ಉಳಿದ ನಾಲ್ಕನ್ನು ಕೆಲಸ ಸಿಕ್ಕ ಮೇಲೆ ನೋಡಿಕೊಂಡರಾಯಿತು ಎಂದು ಅರ್ಜಿ ಹಾಕುವವನೇ ಮುಕ್ಕಾಲು ಅರ್ಹತೆಯ ಅಭ್ಯರ್ಥಿ. ಹತ್ತರಲ್ಲಿ ಆರು ಮುಕ್ಕಾಲು ಹೇಗಾಯಿತು ಎಂದು ಕೇಳಬಾರದು. ರೌಂಡ್ ಆಫ್ ಮಾಡುವುದು ಅವನ ಏಳನೆಯ ಅರ್ಹತೆ. ಬೆಂಗಳೂರಿನ ಪಿಜಿಗಳಲ್ಲಿ ಈತ ಹೇರಳವಾಗಿ ಸಿಗುತ್ತಾನೆ. ರಾತ್ರಿ ಊಟವಾದ ಮೇಲೆ ನೌಕ್ರಿ, ಲಿಂಕ್ಡ್‌ಇನ್‌ಗಳಲ್ಲಿ ಸಂಚಾರ ಹೊರಡುತ್ತಾನೆ.

ಪ್ರಕಟಣೆಯನ್ನು ಅವನು ಓದುವುದು ಜಾತಕ ನೋಡುವ ಕ್ರಮದಲ್ಲಿ. 36 ಗುಣಗಳಲ್ಲಿ 18 ಕೂಡಿದರೆ ಮದುವೆಯೇ ನಡೆದುಹೋಗುತ್ತದೆ, ನೌಕರಿಯದೇನು ಮಹಾ! 'ಮಸ್ಟ್ ಹ್ಯಾವ್' ಎಂದಿದ್ದರೆ 'ಇದ್ದರೆ ಒಳ್ಳೆಯದು' ಎಂದೂ, 'ಗುಡ್ ಟು ಹ್ಯಾವ್' ಎಂದಿದ್ದರೆ 'ಸುಮ್ಮನೆ ಬರೆದಿದ್ದಾರೆ' ಎಂದೂ ಅರ್ಥ ಮಾಡಿಕೊಳ್ಳುತ್ತಾನೆ. ಈ ವ್ಯಾಖ್ಯಾನ ತೀರಾ ಆಧಾರವಿಲ್ಲದ್ದಲ್ಲ. ಎಷ್ಟೋ ಪ್ರಕಟಣೆಗಳು ಬಿಟ್ಟುಹೋದವನ ಕೆಲಸ, ಮ್ಯಾನೇಜರರ ಆಸೆ ಮತ್ತು ಹಳೆಯ ಪ್ರಕಟಣೆಯ ನಕಲು ಸೇರಿ ಆದವು. 2020ರಲ್ಲಿ ಫಾಸ್ಟ್‌ಎಪಿಐ ಎಂಬ ತಂತ್ರಾಂಶದಲ್ಲಿ ನಾಲ್ಕು ವರ್ಷಕ್ಕೂ ಮೇಲ್ಪಟ್ಟ ಅನುಭವ ಕೇಳಿದ್ದ ಪ್ರಕಟಣೆಯೊಂದು ಅದನ್ನು ಸೃಷ್ಟಿಸಿದ ಸೆಬಾಸ್ಟಿಯನ್ ರಾಮಿರೆಜ್ ಅವರ ಕಣ್ಣಿಗೇ ಬಿತ್ತು. ತಂತ್ರಾಂಶ ಹುಟ್ಟಿ ಆಗ ಒಂದೂವರೆ ವರ್ಷವಷ್ಟೇ ಕಳೆದಿತ್ತು; ಆ ಕೆಲಸಕ್ಕೆ ಅದರ ಜನಕನೂ ಅನರ್ಹ.

ಈತ ಸುಳ್ಳು ಹೇಳುವವನಲ್ಲ, ಇರುವುದನ್ನು ಹಿಗ್ಗಿಸುವವನು. ಗಣೇಶೋತ್ಸವಕ್ಕೆ ಚಂದಾ ಎತ್ತಿದ್ದು ರೆಸ್ಯೂಮೆಯಲ್ಲಿ 'ಫಂಡ್ ರೈಸಿಂಗ್', ಪೆಂಡಾಲಿನವನೊಡನೆ ಜಗಳವಾಡಿದ್ದು 'ವೆಂಡರ್ ಮ್ಯಾನೇಜ್‌ಮೆಂಟ್'. ಎಕ್ಸೆಲ್ ಎದುರು 'ಪರಿಣತಿ' ಎಂದು ಬರೆದು, ಇಂಟರ್‌ವ್ಯೂ ದಿನ ಬೆಳಿಗ್ಗೆ ಬಸ್ಸಿನಲ್ಲಿ ಯೂಟ್ಯೂಬ್ ತೆರೆದು ವಿಲುಕಪ್ ಕಲಿಯುತ್ತಾನೆ. ಗೊತ್ತಿಲ್ಲದ್ದನ್ನು ಕೇಳಿದರೆ ಅವನ ಉತ್ತರ ಸಿದ್ಧ: "ಹ್ಯಾಂಡ್ಸ್ ಆನ್ ಮಾಡಿಲ್ಲ ಸರ್, ಆದ್ರೆ ಕಾನ್ಸೆಪ್ಟ್ ಗೊತ್ತು." ನೋಟಿಸ್ ಪೀರಿಯಡ್ ಕೇಳಿದಾಗ ಮಾತ್ರ ಅವನ ದನಿ ಏರುತ್ತದೆ. ನಾಳೆಯೇ ಸೇರಬಲ್ಲೆ ಎನ್ನುವುದೊಂದೇ ಅವನಲ್ಲಿ ನೂರಕ್ಕೆ ನೂರು ಇರುವ ಅರ್ಹತೆ. ಆತುರದಲ್ಲಿರುವ ಕಂಪನಿಗೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ.

ಇವನಿಗೆ ತದ್ವಿರುದ್ಧವಾದ ಜಾತಿಯೊಂದಿದೆ. ಹತ್ತರಲ್ಲಿ ಒಂಬತ್ತು ಇದ್ದರೂ ಹತ್ತನೆಯದಕ್ಕೆ ಕೋರ್ಸ್ ಸೇರಿ, ಕೋರ್ಸ್ ಮುಗಿಯುವಷ್ಟರಲ್ಲಿ ಹುದ್ದೆ ಭರ್ತಿಯಾಗಿರುವುದನ್ನು ನೋಡುವ ಜಾತಿ ಅದು. ಪೂರ್ತಿ ಅರ್ಹತೆಯಿಲ್ಲದ ಹುದ್ದೆಗೆ ಅರ್ಜಿ ಹಾಕದವರನ್ನು ಲೇಖಕಿ ಟಾರಾ ಮೋರ್ ಕಾರಣ ಕೇಳಿ, ಬಂದ ಉತ್ತರಗಳನ್ನು 2014ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದರು. ಗಂಡಸರೂ ಹೆಂಗಸರೂ ಎಲ್ಲಕ್ಕಿಂತ ಹೆಚ್ಚಾಗಿ ಹೇಳಿದ್ದು ಅಳುಕನ್ನಲ್ಲ. ಹೇಗೂ ತೆಗೆದುಕೊಳ್ಳುವುದಿಲ್ಲ, ಸಮಯ ಯಾಕೆ ಹಾಳು ಎಂಬ ಲೆಕ್ಕವನ್ನು. ಪ್ರಕಟಣೆಯನ್ನು ಕಾನೂನೆಂದು ನಂಬಿದವರ ಲೆಕ್ಕವದು.

ಅದು ನಿಜಕ್ಕೂ ಕಾನೂನೇ ಆಗಿರುವ ಕಡೆಗಳೂ ಇವೆ. ವೈದ್ಯ, ವಕೀಲ, ಬಸ್ ಚಾಲಕ ಇವರಲ್ಲಿ ಮುಕ್ಕಾಲು ಅರ್ಹತೆ ಯಾರಿಗೂ ಬೇಡ. ಕರ್ನಾಟಕ ಲೋಕಸೇವಾ ಆಯೋಗದ ಹುದ್ದೆಗಳಿಗೆ ವಯಸ್ಸು, ಪದವಿ, ಮೀಸಲಾತಿ ಪ್ರಮಾಣಪತ್ರ ಎಲ್ಲವೂ ನಿಯಮದಂತೆಯೇ ಇರಬೇಕು. ಪರೀಕ್ಷೆಯಲ್ಲಿ ಎಷ್ಟೇ ಅಂಕ ಬಂದರೂ ದಾಖಲೆ ಪರಿಶೀಲನೆಯಲ್ಲಿ ಒಂದು ಕಾಗದ ಕಡಿಮೆಯಾದರೆ ಹೆಸರು ಹೋಗಬಹುದು. ಕಾನ್ಸೆಪ್ಟ್ ಗೊತ್ತು ಎಂದರೆ ಗುಮಾಸ್ತರು ಒಪ್ಪುವುದಿಲ್ಲ. ಅಂಥ ಹುದ್ದೆಗಳ ತಂಟೆಗೆ ಈತ ಹೋಗುವುದಿಲ್ಲ. ಅವುಗಳ ಪ್ರಕಟಣೆಯಲ್ಲಿರುವ, ಒಮ್ಮೆ ಕಟ್ಟಿದ ಅರ್ಜಿ ಶುಲ್ಕವನ್ನು ಯಾವ ಕಾರಣಕ್ಕೂ ಹಿಂದಿರುಗಿಸಲಾಗದು ಎಂಬ ಷರತ್ತಿಗೆ ಮಾತ್ರ ಅವನು ಎರಡನೆಯ ಅರ್ಥ ಹುಡುಕುವುದಿಲ್ಲ.