ಮುಚ್ಚಳಿಕೆಗೆ ಸೈನ್ ಹಾಕಬೇಡ ಅನ್ನಕ್ಕ

ಅಲ್ಲ ಕಣಕ್ಕ, ಮೊಳಕಾಲ್ಮೂರಿನ ನಿನ್ನ ತಮ್ಮನ ಮನೆಗೆ ಕಚೇರಿಯಿಂದ ಕಾಗದ ಬಂದೈತೆ ಅಂದ್ಯಲ್ಲ, ಆಗಿಂದ ನನ್ನ ಮನಸ್ಸು ಅಲ್ಲೇ ಐತೆ. ಅವನ ಮಗನ ಅಂಗವಿಕಲ ವೇತನ ಜಾಸ್ತಿ ಬಂದೈತಂತೆ, ವಾಪಸ್ ಕಟ್ಟಬೇಕಂತೆ. ಜಾಸ್ತಿ ಹಾಕಿದೋರು ಯಾರು? ಸರ್ಟಿಫಿಕೇಟಿನಾಗೆ ಡಾಕ್ಟ್ರು ಶೇಕಡಾ 60 ಅಂತ ಬರೆದವ್ರೆ, ಅರ್ಜಿ ಜೊತೆ ಇವರು ಕೊಟ್ಟಿದ್ದೂ ಅದನ್ನೇ. ಕಂಪ್ಯೂಟರಿಗೆ ಏರಿಸೋವಾಗ 75ರ ಮೇಲಿನೋರ ಜೊತೆ ಸೇರಿಸಿದ್ದು ಕಚೇರಿಯೋರು. ತಿಂಗಳಿಗೆ 800 ರೂಪಾಯಿ ಬರೋ ಕಡೆ 1,400 ಬಂತು. ತಿಂಗಳಿಗೆ 600ರಂಗೆ ಮೂರು ವರ್ಷಕ್ಕೆ 21,600 ಆಯ್ತು. ಒಂದೇ ಸಲಕ್ಕೆ ಕಟ್ಟು ಅಂದ್ರೆ ಎಲ್ಲಿಂದ ತರ್ತಾರೆ?

ಫಿಟ್ಸ್ ಮಾತ್ರೆಗೆ, ಚಿತ್ರದುರ್ಗದ ಆಸ್ಪತ್ರೆಗೆ ಹೋಗಿಬರೋ ಬಸ್ ಚಾರ್ಜಿಗೆ ಆ ದುಡ್ಡು ಆವಾಗಾವಾಗಲೇ ಕರಗಿಹೋಗೈತೆ. ನಿನ್ನ ತಮ್ಮನ ಹೆಂಡ್ತಿ ಮಗನ್ನ ಒಬ್ಬನ್ನೇ ಬಿಡೋಕಾಗದೆ ಮಗ್ಗದ ಕೆಲಸನೇ ಬಿಟ್ಟು ಕುಂತವಳು. ಈಗ ಕಂಡಿಕೆ ಸುತ್ತಿದ್ರೆ ಬರೋ ಪುಡಿಗಾಸು ಅಷ್ಟೇ. ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ ಇರೋರನ್ನ ನೋಡ್ಕೊಳ್ಳೋರಿಗೆ ತಿಂಗಳಿಗೆ 1,000 ಕೊಡ್ತೀವಿ ಅಂತ 2024-25ರ ಬಜೆಟ್ಟಿನಾಗೆ ಸರ್ಕಾರವೇ ಹೇಳ್ತು. ಆರೈಕೆಯೂ ಒಂದು ದುಡಿಮೆ ಅಂತ ಅವರೇ ಒಪ್ಪಿದಂಗಾಯ್ತಲ್ಲ!

ಹಿಂಗೆ ಜಾಸ್ತಿ ಹೋದ ದುಡ್ಡು ವಸೂಲಿ ಮಾಡೋ ಬಗ್ಗೆ ಸುಪ್ರೀಂ ಕೋರ್ಟ್ ಮಾತಾಡೈತೆ ಕಣಕ್ಕ. 2014ರ ಡಿಸೆಂಬರಿನಾಗೆ, ಪಂಜಾಬಿನ ರಫೀಕ್ ಮಸೀಹ್ ಕೇಸು. ಇಲಾಖೆ ತಪ್ಪಿನಿಂದ ಸಂಬಳ ಜಾಸ್ತಿ ಹೋಗಿದ್ರೆ ಮೂರನೇ, ನಾಲ್ಕನೇ ದರ್ಜೆ ನೌಕರರ ಹತ್ರ, ನಿವೃತ್ತರ ಹತ್ರ ವಸೂಲಿ ಮಾಡಂಗಿಲ್ಲ. ವಸೂಲಿಯೇ ಅನ್ಯಾಯ ಅನ್ನಿಸೋ ಕಡೆಯೂ ಮಾಡಂಗಿಲ್ಲ ಅಂತು. 2022ರಲ್ಲಿ ಕೇರಳದ ಮೇಷ್ಟ್ರು ಥಾಮಸ್ ಡೇನಿಯಲ್ ಕೇಸಿನಾಗೂ, ಸುಳ್ಳು ಹೇಳಿ ತಗೊಂಡಿದ್ದಲ್ಲ ಅಂದಮೇಲೆ ವಾಪಸ್ ಕೇಳಬೇಡಿ ಅಂತು. ಅವು ನೌಕರರ ಕೇಸು, ಅಂಗವಿಕಲ ವೇತನದ್ದಲ್ಲ, ನಿಜ. ಆದ್ರೆ ಸಂಬಳ ಇರೋ ಜವಾನನ ಹತ್ರ ಕಿತ್ಕೊಳ್ಳೋದು ಅನ್ಯಾಯ ಅಂದಮೇಲೆ, ಸಂಬಳವೇ ಇಲ್ಲದ ಈ ಮನೆ ಹತ್ರ ಕಿತ್ಕೊಳ್ಳೋದು ಹೆಂಗೆ ನ್ಯಾಯ ಆಗ್ತೈತೆ? ಕಚೇರಿಗೆ ಕೊಡೋ ತಕರಾರು ಅರ್ಜಿಯಾಗೆ ಈ ಮಾತು ಬರೀಲೇಬೇಕು.

ಬ್ರಿಟನ್ನಿನಾಗೂ ಇದೇ ಗೋಳು. ಮನೇಲಿ ಆರೈಕೆ ಮಾಡೋರಿಗೆ ಅಲ್ಲಿ ಭತ್ಯೆ ಐತೆ. ಹೊರಗಿನ ದುಡಿಮೆ ಮಿತಿಗಿಂತ ಒಂದೇ ಪೌಂಡ್ ಹೆಚ್ಚಾದ್ರೂ ಆ ವಾರದ ಭತ್ಯೆ ಪೂರ್ತಿ ಹೋಗ್ತಿತ್ತು. ಇಲಾಖೆ ಹತ್ರ ಲೆಕ್ಕ ಇದ್ರೂ ವರ್ಷಗಟ್ಟಲೆ ಸುಮ್ಮನಿದ್ದು, ಆಮೇಲೆ ಸಾವಿರಾರು ಪೌಂಡ್ ಕಟ್ಟಿ ಅಂದ್ರು. 2024ರಲ್ಲಿ ಪತ್ರಿಕೆಯೋರು ಬೆನ್ನು ಹತ್ತಿದ ಮೇಲೆ ಸರ್ಕಾರ ಸ್ವತಂತ್ರ ಪರಿಶೀಲನೆಗೆ ಒಪ್ತು. ಕೇಳೋರು ಇದ್ರು, ಆಯ್ತು.

ನಿನ್ನ ತಮ್ಮನಿಗೆ ಮೊದಲು ಇಷ್ಟು ಹೇಳು. ಕಂತಿನಾಗೆ ಕಟ್ತೀನಿ ಅಂತ ಮುಚ್ಚಳಿಕೆ ಬರ್ಕೊಡು ಅಂದ್ರೆ ಸೈನ್ ಹಾಕಬಾರದು, ಹೆಬ್ಬೆಟ್ಟೂ ಒತ್ತಬಾರದು. ಯಾವ ಆದೇಶ, ಯಾವ ತಿಂಗಳಿಂದ, ಶೇಕಡಾ ತಪ್ಪಾಗಿ ಏರಿಸಿದ್ದು ಯಾರು ಅನ್ನೋದನ್ನ ಬರವಣಿಗೆಯಾಗೆ ಕೇಳಲಿ. ಕೊಡದಿದ್ರೆ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ, ಅವರು 30 ದಿನದಾಗೆ ಉತ್ತರ ಕೊಡಬೇಕು. ವಕೀಲರಿಗೆ ದುಡ್ಡಿಲ್ಲ ಅಂತ ಹೆದರೋದು ಬೇಡ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂಗೆ ಅಂಗವಿಕಲರಿಗೆ ವಕೀಲರ ನೆರವು ಪುಕ್ಕಟೆ, ತಾಲ್ಲೂಕು ಕಾನೂನು ಸೇವಾ ಸಮಿತಿಯಾಗೆ ಕೇಳಲಿ. ಅಲ್ಲೂ ಆಗಲಿಲ್ಲ ಅಂದ್ರೆ ಬೆಂಗಳೂರಿನ ಅಂಗವಿಕಲರ ಆಯುಕ್ತರಿಗೆ ದೂರು ಬರೀಬೋದು.

ಮುಂದಿನ ತಿಂಗಳಿಂದ 800ಕ್ಕೆ ಇಳಿಸ್ತಾರಾ, ಇಳಿಸಲಿ. ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಆ ಸರ್ಟಿಫಿಕೇಟ್ ಮಾಡಿಸಿ ಎಷ್ಟು ವರ್ಷ ಆಯ್ತು? ಹುಡುಗನ ಕಷ್ಟ ಈಗ ಜಾಸ್ತಿ ಆಗಿದ್ರೆ ಮರುತಪಾಸಣೆಗೂ ಕೇಳಬೇಕು. ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರು, ಅದೇ ವಿ.ಆರ್.ಡಬ್ಲ್ಯು. ಹತ್ರ ಮಾತಾಡಿದ್ರೆ ದಾರಿ ಹೇಳ್ತಾರೆ.

ಆ ಕಾಗದ, ಸರ್ಟಿಫಿಕೇಟು, ಪಾಸ್‌ಬುಕ್ಕು ಮೂರನ್ನೂ ತಗೊಂಡು ಅವನು ಚಳ್ಳಕೆರೆಗೆ ಬರಲಿ ಅಕ್ಕ, ಅರ್ಜಿ ನಾನು ಬರ್ಕೊಡ್ತೀನಿ. ಎರಡು ಪ್ರತಿ ಮಾಡೋಣ. ಒಂದನ್ನ ಕಚೇರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸ್ಕೊಂಡೇ ಹೊರಗೆ ಬರಬೇಕು.