ಬಗ್ಗದ ಮೂಳೆಯ ಬಗ್ಗೆ

ಮೈ ಬಗ್ಗಿಸುವ ವಿದ್ಯೆಗೆ ಲೋಕದಲ್ಲೆಲ್ಲ ಹೆಸರು ಪಡೆದಿರುವ ಮೈಸೂರಿನಲ್ಲಿ, ಏನು ಮಾಡಿದರೂ ಬಗ್ಗದ ಮೂಳೆಯೊಂದನ್ನು ಕುರಿತು ವಿಚಾರ ಮಾಡುವುದು ಊರಿನ ಕೀರ್ತಿಗೆ ಕುಂದು ತರುವ ಕೆಲಸವೆಂದು ಕೆಲವರಿಗೆ ತೋರಬಹುದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದ ಕಾಲದಿಂದ, ಅವರ ಶಿಷ್ಯರಾದ ಕೆ. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗವನ್ನು ಅರಸಿಕೊಂಡು ವಿದೇಶಿಯರು ಚಾಪೆ ಹೆಗಲಿಗೇರಿಸಿ ಗೋಕುಲಂ ಬಡಾವಣೆಯಲ್ಲಿ ಓಡಾಡುವ ಇಂದಿನವರೆಗೆ, ಈ ಊರಿನಲ್ಲಿ ಬಾಗಿದ ಬೆನ್ನುಗಳ ಲೆಕ್ಕವನ್ನು ಇಟ್ಟವರಿಲ್ಲ. ಆದರೆ ಆ ಎಲ್ಲ ಬೆನ್ನುಗಳ ಬುಡದಲ್ಲಿ, ಗುರುವಿಗೂ ಶುಲ್ಕಕ್ಕೂ ಜಗ್ಗದೆ ನೆಟ್ಟಗೆ ಕುಳಿತಿರುವ ಮೂಳೆಯೊಂದಿದೆ. ಅದನ್ನು ಆಯುರ್ವೇದದವರು ತ್ರಿಕಾಸ್ಥಿಯೆಂದೂ, ಅಲೋಪತಿಯವರು ಸೇಕ್ರಮ್ ಎಂದೂ ಕರೆಯುತ್ತಾರೆ. ಉಳಿದವರು ಅದು ನೋಯುವವರೆಗೆ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಎರಡು ಚಪ್ಪೆಯೆಲುಬುಗಳ ನಡುವೆ ಬೆಣೆಯ ಆಕಾರದಲ್ಲಿ ಸೇರಿಕೊಂಡಿರುವ ಈ ಮೂಳೆ ನೋಡುವುದಕ್ಕೆ ಒಂದಾದರೂ ಹುಟ್ಟಿನಲ್ಲಿ ಒಂದಲ್ಲ. ಮಕ್ಕಳಲ್ಲಿ ಇದು ಬೇರೆ ಬೇರೆಯಾದ ಐದು ಕಶೇರುಮಣಿಗಳು, ಅಂದರೆ ಬೆನ್ನುಮೂಳೆಯ ಐದು ಬಿಡಿ ಭಾಗಗಳು. ಹರೆಯ ಕಾಲಿಟ್ಟ ಮೇಲೆ ಇವುಗಳ ನಡುವಿನ ಮೃದ್ವಸ್ಥಿ ಗಟ್ಟಿಯಾಗತೊಡಗಿ, ಇಪ್ಪತ್ತೈದು ಮೂವತ್ತರ ವಯಸ್ಸಿನ ಹೊತ್ತಿಗೆ ಐದೂ ಬೆಸೆದು ಒಂದಾಗುತ್ತವೆ. ಹೀಗೆ ಎರಡು ಅಥವಾ ಹೆಚ್ಚು ಮೂಳೆಗಳು ನಡುವೆ ಸಂದಿಯಿಲ್ಲದಂತೆ ಮೂಳೆಯಿಂದಲೇ ಕೂಡಿಕೊಳ್ಳುವುದಕ್ಕೆ ಅಂಗರಚನಾಶಾಸ್ತ್ರದಲ್ಲಿ ಸಿನೋಸ್ಟೋಸಿಸ್ ಎಂಬ ಪಾರಿಭಾಷಿಕ ಪದವಿದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಮನೆಯ ಹಿರಿಯರು ಕೇಳುತ್ತಿದ್ದ ಪ್ರಶ್ನೆಗೆ ಶಾಸ್ತ್ರ ಕೊಡುವ ಉತ್ತರ ಇಷ್ಟೇ: ತ್ರಿಕಾಸ್ಥಿಯ ಮಟ್ಟಿಗೆ ಬಗ್ಗಲಾರದು, ಮೂವತ್ತು ದಾಟಿದ ಮೇಲಂತೂ ಕೇಳುವುದೇ ಬೇಡ.

ಕನ್ನಡಿಗರಿಗೆ ಈ ಬೆಸುಗೆಯನ್ನು ವಿವರಿಸಲು 1956ನೆಯ ಇಸವಿಯ ನವೆಂಬರ್ 1ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಳೆಯ ಮೈಸೂರು, ಮುಂಬಯಿ ಪ್ರಾಂತ, ಹೈದರಾಬಾದ್, ಮದರಾಸು ಮತ್ತು ಕೊಡಗು ಎಂಬ ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡ ನೆಲ ಅಂದು ಒಂದಾಯಿತು. ಒಂದಾದುದಕ್ಕೆ ಕರ್ನಾಟಕವೆಂಬ ಹೆಸರು ಬರಲು 1973ರವರೆಗೆ ಕಾಯಬೇಕಾಯಿತು. ತ್ರಿಕಾಸ್ಥಿಯ ಮುಂಭಾಗವನ್ನು ಬೆರಳಿನಿಂದ ಸವರಿದರೆ ಐದು ಮಣಿಗಳು ಕೂಡಿದ ಗುರುತಾಗಿ ನಾಲ್ಕು ಅಡ್ಡಗೆರೆಗಳು ಕೈಗೆ ಸಿಗುತ್ತವೆ. ಕರ್ನಾಟಕವನ್ನು ಸವರಿದರೂ ಹಳೇ ಮೈಸೂರು, ಕಿತ್ತೂರು ಕರ್ನಾಟಕ, ಕಲ್ಯಾಣ ಕರ್ನಾಟಕ ಎಂಬ ಗೆರೆಗಳು ಇನ್ನೂ ತಗಲುತ್ತವೆ, ಚುನಾವಣೆಯ ಕಾಲದಲ್ಲಿ ಸ್ವಲ್ಪ ಹೆಚ್ಚಾಗಿಯೇ ತಗಲುತ್ತವೆ. ಮೂಳೆಯಲ್ಲಿ ಗಡಿ ತಕರಾರೂ ಇಲ್ಲದಿಲ್ಲ. ಕೆಲವರಲ್ಲಿ ಸೊಂಟದ ಐದನೆಯ ಮಣಿ ತನ್ನವರನ್ನು ಬಿಟ್ಟು ಕೆಳಗಿನ ತ್ರಿಕಕ್ಕೆ ಅಂಟಿಕೊಂಡುಬಿಡುತ್ತದೆ. ಇನ್ನು ಕೆಲವರಲ್ಲಿ ತ್ರಿಕದ ಮೊದಲನೆಯ ಮಣಿ ಬೇರೆಯಾಗಿ ನಿಂತು ಸೊಂಟದ ಕಡೆಯದಾಗಿ ನಡೆದುಕೊಳ್ಳುತ್ತದೆ. ಇಂಥದರ ತೀರ್ಮಾನಕ್ಕೆ ಮಹಾಜನ ಆಯೋಗದಂಥದನ್ನು ನೇಮಿಸದೆ, ಎಕ್ಸ್-ರೇ ತೆಗೆದು ನೋಡಿ, ಇರುವುದನ್ನು ಇರುವಂತೆಯೇ ಬರೆದಿಟ್ಟು ಸುಮ್ಮನಾಗುವುದು ವೈದ್ಯರ ವಿವೇಕ.

ಬೆಸೆದುಕೊಳ್ಳುವ ಈ ಚಾಳಿಯಿಂದ ದೊಡ್ಡ ತೊಂದರೆಗೆ ಸಿಕ್ಕಿಕೊಂಡವರು ಮೂಳೆ ಎಣಿಸುವವರು. ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾಗಿ 1930ರಲ್ಲಿ ಮೈಸೂರಿಗೆ ಬಂದ ವೈದ್ಯಕೀಯ ಕಾಲೇಜಿನಲ್ಲಿ ವಯಸ್ಕನ ಮೂಳೆಗಳು 206 ಎಂದು ಕಲಿಸುತ್ತಾರೆ. ಅಲ್ಲಿಂದ ಕೂಗಳತೆಯಲ್ಲಿರುವ, 1908ರಲ್ಲಿ ಸ್ಥಾಪನೆಯಾದ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಓದುವ ಸುಶ್ರುತ ಸಂಹಿತೆಯ ಪ್ರಕಾರ ಅವು 300. ಚರಕ ಸಂಹಿತೆಯ ಪ್ರಕಾರ 360. ಹೀಗಾಗಿ ಒಂದೇ ಮೈಸೂರಿಗ ರಸ್ತೆ ದಾಟಿದ ಮಾತ್ರಕ್ಕೆ ನೂರು ನೂರೈವತ್ತು ಮೂಳೆಗಳನ್ನು ಗಳಿಸಬಹುದು, ಕಳೆದುಕೊಳ್ಳಲೂಬಹುದು. ಇದರಲ್ಲಿ ಯಾರ ಅಜ್ಞಾನವೂ ಇಲ್ಲ, ಎಣಿಸುವ ಕ್ರಮ ಬೇರೆ ಅಷ್ಟೆ. ಚರಕನ ಲೆಕ್ಕದಲ್ಲಿ ಹಲ್ಲು, ಹಲ್ಲಿನ ಗೂಡು, ಉಗುರುಗಳೂ ಸೇರಿವೆ. ಸುಶ್ರುತನ ಲೆಕ್ಕದಲ್ಲಿ ಮೃದ್ವಸ್ಥಿಗಳೂ ಇವೆ. ಹುಟ್ಟಿದ ಮಗುವಿನಲ್ಲಿ ಇನ್ನೂ ಕೂಡಿಕೊಳ್ಳದ ತುಂಡುಗಳನ್ನೆಲ್ಲ ಬಿಡಿಬಿಡಿಯಾಗಿ ಹಿಡಿದರೆ ಇಂದಿನ ಶಾಸ್ತ್ರದ ಲೆಕ್ಕವೂ 270ರ ಆಸುಪಾಸಿಗೆ ಏರುತ್ತದೆ. ತ್ರಿಕವನ್ನು ಮಾತ್ರ ಸುಶ್ರುತನೂ ಒಂದೆಂದೇ ಎಣಿಸಿದ್ದಾನೆ.

ಹೆಸರಿನ ವಿಷಯದಲ್ಲಿ ಪಾಶ್ಚಾತ್ಯರು ತ್ರಿಕಾಸ್ಥಿಯ ಬಗ್ಗೆ ಧಾರಾಳವಾಗಿ ನಡೆದುಕೊಂಡಿದ್ದಾರೆ. ಸೇಕ್ರಮ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಪವಿತ್ರವಾದದ್ದು. ಅದರ ಪಕ್ಕದ ಚಪ್ಪೆಯೆಲುಬಿಗೆ ಬಂದ ಗತಿ ನೋಡಿದರೆ ಮರುಕ ಹುಟ್ಟುತ್ತದೆ. ಅದೂ ಇಲಿಯಮ್, ಇಸ್ಕಿಯಮ್, ಪ್ಯೂಬಿಸ್ ಎಂಬ ಮೂರು ಮೂಳೆಗಳು ತೊಡೆಯ ಕೀಲಿನ ಗುಳಿಯಲ್ಲಿ ಸಂಧಿಸಿ ಬೆಸೆದು ಆದದ್ದೇ. ಮೂರಕ್ಕೂ ಹೆಸರುಗಳಿದ್ದವು, ಕೂಡಿದ ಮೇಲೆ ಅದಕ್ಕೆ ಸಿಕ್ಕಿದ್ದು ಇನ್ನಾಮಿನೇಟ್, ಎಂದರೆ ಹೆಸರಿಲ್ಲದ್ದು, ಎಂಬ ಹೆಸರು. ಅನ್ಯಾಯದ ಮೇಲೆ ಅನ್ಯಾಯವೆಂದರೆ, ಕಾರಂಜಿ ಕೆರೆಯ ದಡದ ಕಲ್ಲುಬೆಂಚಿನ ಮೇಲೆ ನಿವೃತ್ತರು ಸಂಜೆಯೆಲ್ಲ ಕುಳಿತು ದೇಶದ ಸ್ಥಿತಿಯನ್ನು ಸರಿಪಡಿಸುವಾಗ ಭಾರವೆಲ್ಲ ಬೀಳುವುದು ಈ ಹೆಸರಿಲ್ಲದ ಮೂಳೆಯ ಇಸ್ಕಿಯಮ್ ಭಾಗದ ಮೇಲೆ. ಪವಿತ್ರವಾದದ್ದು ಬೆಂಚಿಗೆ ತಾಕುವುದೂ ಇಲ್ಲ.

ಅದೇ ಕೆರೆಯ ಪಕ್ಷಿಶಾಲೆಯಲ್ಲಿರುವ ನವಿಲು ಈ ಶಾಸ್ತ್ರದಲ್ಲಿ ಮನುಷ್ಯನಿಗಿಂತ ಬಹಳ ಮುಂದಿದೆ. ಹಕ್ಕಿಗಳಲ್ಲಿ ಎದೆಯ ಕೊನೆಯ ಮಣಿಗಳು, ಸೊಂಟದ ಮಣಿಗಳು, ತ್ರಿಕದವು, ಬಾಲದ ಮೊದಲ ಕೆಲವು ಮಣಿಗಳು ಒಟ್ಟಿಗೇ ಬೆಸೆದು ಸಿನ್‌ಸೇಕ್ರಮ್ ಎಂಬ ಒಂದೇ ದೀರ್ಘ ಮೂಳೆಯಾಗಿ, ಎರಡೂ ಪಕ್ಕದ ಇಲಿಯಮ್‌ಗಳಿಗೂ ಅಂಟಿಕೊಂಡಿರುತ್ತವೆ. ಬಾಲದ ತುದಿಯ ಮಣಿಗಳು ಪೈಗೊಸ್ಟೈಲ್ ಎಂಬ ಇನ್ನೊಂದು ಮೂಳೆಯಾಗಿ ಬಾಲದ ಗರಿಗಳಿಗೆ ಆಧಾರವಾಗುತ್ತವೆ. ಹಾರುವಾಗ ಬೆನ್ನು ಬಳುಕದಿರಲು, ನೆಲಕ್ಕಿಳಿಯುವಾಗ ಕಾಲಿಗೆ ಬೀಳುವ ಪೆಟ್ಟನ್ನು ತಡೆಯಲು ಈ ಏರ್ಪಾಡು. ಇದನ್ನು ಪ್ರತ್ಯಕ್ಷವಾಗಿ ಕಾಣಬಯಸುವವರು ವಸ್ತುಸಂಗ್ರಹಾಲಯವನ್ನು ಹುಡುಕಬೇಕಾಗಿಲ್ಲ. ಊರಿನ ಯಾವುದೇ ಮಿಲಿಟರಿ ಹೋಟೆಲಿನಲ್ಲಿ ಕೋಳಿಸಾರಿಗೆ ಹೇಳಿ, ಬೆನ್ನಿನ ತುಂಡನ್ನು ತಿಂದು ಮುಗಿಸಿ, ತಟ್ಟೆಯನ್ನು ಎತ್ತಲು ಬಿಡದೆ ಸ್ವಲ್ಪ ಹೊತ್ತು ಪರೀಕ್ಷಿಸಿದರೆ ಸಾಕು. ಸಸ್ಯಾಹಾರಿಗಳಿಗೆ ಹಿಂದೆ ಪಿಯುಸಿಯ ಕಪ್ಪೆಯಿತ್ತು. ಅದರ ಮುಂಗಾಲಿನ ರೇಡಿಯಸ್ ಮತ್ತು ಅಲ್ನಾ ಬೆಸೆದು ರೇಡಿಯೋ-ಅಲ್ನಾ ಎಂಬ ಒಂದೇ ಮೂಳೆಯಾಗಿರುತ್ತದೆ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ದೊರೆತ ಊರಿನಲ್ಲಿ, ಕಪ್ಪೆಯ ತೋಳಿನಲ್ಲೂ ಒಂದು ರೇಡಿಯೋ ಇರುವುದನ್ನು ವಿದ್ಯಾರ್ಥಿಗಳು ಪರೀಕ್ಷೆ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಮರೆಯದಿದ್ದರೆ ಆಶ್ಚರ್ಯವಿಲ್ಲ.

ಇಷ್ಟರವರೆಗೆ ಹೇಳಿದ್ದು ಕೂಡಬೇಕಾದ ಮೂಳೆಗಳ ಮಾತು. ಕೂಡಬಾರದ ಕಡೆ ಕೂಡಿಕೊಂಡರೆ, ಅಂದರೆ ಆಡಬೇಕಾದ ಕೀಲು ರೋಗದಿಂದಲೋ ಪೆಟ್ಟಿನಿಂದಲೋ ಹಿಡಿದುಕೊಂಡುಬಿಟ್ಟರೆ, ಅದಕ್ಕೆ ಆಂಕಿಲೋಸಿಸ್ ಎಂಬ ಬೇರೆಯೇ ಹೆಸರಿದೆ. ತ್ರಿಕಾಸ್ಥಿಗೂ ಚಪ್ಪೆಯೆಲುಬಿಗೂ ನಡುವಿನ ಕೀಲು ಆರೋಗ್ಯದಲ್ಲಿಯೂ ಕೆಲವು ಮಿಲಿಮೀಟರಿಗಿಂತ ಹೆಚ್ಚು ಅಲುಗದು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಕಾಯಿಲೆ ಸಾಮಾನ್ಯವಾಗಿ ಮೊದಲು ಹಿಡಿಯುವುದು ಈ ಕೀಲನ್ನೇ; ಅಲ್ಲಿಂದ ಅದು ಮೇಲೇರಿದರೆ, ಬಿಡಿಯಾಗಿಯೇ ಇರಬೇಕಾದ ಮೇಲಿನ ಮಣಿಗಳೂ ಕ್ರಮೇಣ ಬೆಸೆದುಕೊಳ್ಳಬಹುದು. ಇದು ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುದುಕರಲ್ಲಲ್ಲ, ನಲವತ್ತೈದರ ಒಳಗಿನವರಲ್ಲಿ. ಸಾಮಾನ್ಯ ಸೊಂಟನೋವು ಮಲಗಿದರೆ ಇಳಿಯುತ್ತದೆ. ಈ ನೋವು ಮಲಗಿದರೆ ಹೆಚ್ಚುತ್ತದೆ, ಬೆಳಗ್ಗೆ ಎದ್ದಾಗ ಬೆನ್ನು ಬಹಳ ಹೊತ್ತು ಬಿಗಿದಿರುತ್ತದೆ, ಓಡಾಡಿದ ಮೇಲೆ ಸಡಿಲವಾಗುತ್ತದೆ. ಓಡಾಡಿದರೆ ವಾಸಿಯಾಗುವ ನೋವನ್ನು ಸೋಮಾರಿತನವೆಂದು ಮನೆಯವರು ತಿಳಿಯುವುದರಿಂದಲೇ ಕಾಯಿಲೆ ಹಲವು ವರ್ಷ ಗುರುತು ಸಿಗದೆ ಉಳಿಯುವುದುಂಟು. ವ್ಯಾಯಾಮ ಇದರ ಚಿಕಿತ್ಸೆಯ ಮುಖ್ಯ ಭಾಗವೇ ಆಗಿರುವುದರಿಂದ ಯೋಗಶಾಲೆಯವರು ನಿರಾಶರಾಗಬೇಕಾಗಿಲ್ಲ. ಆದರೆ ಇಂಥ ನೋವು ಮೂರು ತಿಂಗಳು ದಾಟಿದ್ದರೆ, ಓದುಗರು ಮೊದಲು ಸಂಧಿವಾತ ತಜ್ಞರನ್ನು ಕಂಡು, ಚಾಪೆಯನ್ನು ಆಮೇಲೆ ಹಾಸಿಕೊಳ್ಳಬೇಕು.